ಅದು ಔಷಧಿಯಲ್ಲ, ಲ್ಯಾಬ್‌ನ ಸಾಮಗ್ರಿ

ಸಂಪಾದಕರಿಗೆ ನಮಸ್ಕಾರ.

ಮನುಷ್ಯರ ಮೆದುಳಿನ ನರಕೋಶಗಳು ಸೇರುವ ಜಾಗದ, ಅಂದರೆ ಸಿನಾಪ್ಸ್‌ನ, ಪ್ರೋಟೀನ್ ಒಂದನ್ನು ಲ್ಯಾಬ್‌ನಲ್ಲಿ ತಯಾರಿಸಿ ಸಂಶೋಧಕರಿಗೆ ಕೊಡುತ್ತಿರುವ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಈಚೆಗೆ ವರದಿ ಬಂದಿತ್ತು. ವಿಷಯ ಒಳ್ಳೆಯದೇ. ಇಂಥ ಕೆಲಸದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಅದಕ್ಕೆ ಜಾಗ ಕೊಟ್ಟಿದ್ದು ಸಂತೋಷ. ಆದರೆ ತಲೆಬರಹದಲ್ಲಿ ‘ಮೆದುಳಿನ ಪ್ರೋಟೀನ್ ಈಗ ಬಾಟಲಿಯಲ್ಲಿ’ ಎಂದಿತ್ತು. ಕೊನೆಯ ಸಾಲಿನಲ್ಲಿ ‘ಮರೆವಿನ ಕಾಯಿಲೆಗೆ ಹೊಸ ಭರವಸೆ’ ಎಂದಿತ್ತು. ಇದು ಔಷಧಿಯಲ್ಲ ಎಂಬ ಮಾತು ನಡುವೆ ಎಲ್ಲೂ ಇರಲಿಲ್ಲ.

ನಾನು ಇಂಥ ಪ್ರೋಟೀನ್‌ಗಳನ್ನೇ ತಯಾರಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ವರದಿ ಓದಿದ ಗೆಳತಿಯೊಬ್ಬಳು ಅವತ್ತೇ ಫೋನ್ ಮಾಡಿದಳು. ಅವಳ ತಾಯಿಗೆ ಆಲ್ಝೈಮರ್ಸ್. ಮಗಳ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇಲ್ಲ. ‘ನಿಮ್ಮ ಲ್ಯಾಬ್‌ನಲ್ಲಿ ಇದು ಇರುತ್ತಲ್ವಾ? ಅಮ್ಮನಿಗೆ ಒಂದು ಬಾಟಲಿ ಕೊಡಿಸ್ತೀಯಾ?’ ಎಂದು ಕೇಳಿದಳು. ನಮ್ಮ ಫ್ರೀಜರ್‌ನಲ್ಲಿ ಅದು ಇದ್ದದ್ದು ನಿಜ. ಅಮ್ಮನಿಗೆ ಅದರಿಂದ ಏನೂ ಉಪಯೋಗವಿಲ್ಲ, ಕೊಟ್ಟರೆ ಅಪಾಯವೇ ಜಾಸ್ತಿ ಎಂದು ಹೇಳಿದೆ. ನಾನು ಇಟ್ಟುಕೊಂಡು ಇಲ್ಲ ಅನ್ನುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಅವಳನ್ನು ನಾನು ದೂರುವುದಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಅವಳು ನಂಬಿದಳು, ಅಷ್ಟೇ. ಅವಳಂತೆ ಇನ್ನೆಷ್ಟೋ ಮನೆಗಳಲ್ಲಿ ಆ ಸಾಲನ್ನು ಕತ್ತರಿಸಿ ಇಟ್ಟುಕೊಂಡಿರಬಹುದು. ಅವರಿಗೋಸ್ಕರ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಆದರೂ ಪ್ರಕಟಿಸಿ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗವೇ ಸಿನಾಪ್ಸ್. ಅಲ್ಲಿ ನರಕೋಶದ ತುದಿಯೊಳಗೆ ತೀರಾ ಸಣ್ಣ ಚೀಲಗಳಿರುತ್ತವೆ. ಇವೇ ಸಿನಾಪ್ಟಿಕ್ ವೆಸಿಕಲ್‌ಗಳು. ಒಂದೊಂದರ ಅಡ್ಡಳತೆ ಸುಮಾರು 40 ನ್ಯಾನೋಮೀಟರ್. ಗ್ಲುಟಮೇಟ್, ಡೋಪಮಿನ್‌ನಂಥ ರಾಸಾಯನಿಕಗಳು ಇವುಗಳಲ್ಲಿ ತುಂಬಿರುತ್ತವೆ. ವಿದ್ಯುತ್ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಚೀಲ ಕೋಶದ ಪೊರೆಯ ಜೊತೆ ಬೆಸೆದುಕೊಳ್ಳುತ್ತದೆ, ಒಳಗಿದ್ದದ್ದು ಹೊರಗೆ ಸುರಿಯುತ್ತದೆ. ಕ್ಯಾಲ್ಸಿಯಂ ನುಗ್ಗಿದ ಮೇಲೆ ಇದಕ್ಕೆ ಒಂದು ಮಿಲಿಸೆಕೆಂಡ್ ಕೂಡ ಬೇಕಾಗದಿರಬಹುದು.

ಈ ಚೀಲದ ಮೈತುಂಬ ಪ್ರೋಟೀನ್‌ಗಳು. 2006ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು ಇಲಿಯ ಮೆದುಳಿನಿಂದ ಈ ಚೀಲಗಳನ್ನು ಬೇರ್ಪಡಿಸಿ ಲೆಕ್ಕ ಹಾಕಿತು. ಒಂದು ಚೀಲದ ಮೇಲೆ ಸರಾಸರಿ 70 ಸಿನಾಪ್ಟೋಬ್ರೆವಿನ್, 30ರಷ್ಟು ಸಿನಾಪ್ಟೋಫೈಸಿನ್, 15ರಷ್ಟು ಸಿನಾಪ್ಟೋಟ್ಯಾಗ್ಮಿನ್ ಸಿಕ್ಕವು. ಚೀಲದ ಮೇಲಿನ ಸಿನಾಪ್ಟೋಬ್ರೆವಿನ್ ಕೋಶದ ಪೊರೆಯಲ್ಲಿರುವ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಜೊತೆಗಾರರೊಂದಿಗೆ ಜಿಪ್ ಎಳೆದ ಹಾಗೆ ಹೆಣೆದುಕೊಂಡು ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಕ್ಯಾಲ್ಸಿಯಂ ಬಂತು ಎಂದು ಗುರುತಿಸುವುದು ಸಿನಾಪ್ಟೋಟ್ಯಾಗ್ಮಿನ್. ಈ ಸಾಗಾಟದ ಗುಟ್ಟು ಬಿಡಿಸಿದ್ದಕ್ಕೆ ಜೇಮ್ಸ್ ರಾಥ್‌ಮನ್, ರ್‍ಯಾಂಡಿ ಶೆಕ್‌ಮನ್ ಮತ್ತು ಥಾಮಸ್ ಸೂಡಾಫ್ ಅವರಿಗೆ 2013ರ ನೊಬೆಲ್ ಬಂತು.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ‘ಮನುಷ್ಯರ ಪ್ರೋಟೀನ್’ ಎಂದ ಕೂಡಲೇ ಯಾರದೋ ಮೆದುಳಿನಿಂದ ತೆಗೆದದ್ದು ಎಂದು ಓದುಗರು ತಿಳಿಯುತ್ತಾರೆ. ಹಾಗಲ್ಲ. ಅದರಲ್ಲಿ ಮನುಷ್ಯರದ್ದು ಎಂದರೆ ಅಮೈನೋ ಆಮ್ಲಗಳ (ಪ್ರೋಟೀನ್ ಎಂಬ ಸರದ ಮಣಿಗಳ) ಸಾಲು ಮಾತ್ರ. ಆ ಸಾಲಿಗೆ ಬೇಕಾದ ಡಿಎನ್‌ಎ ತುಂಡನ್ನು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಬಳೆಗೆ ಸೇರಿಸಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಹಾಕುತ್ತೇವೆ. ಬ್ಯಾಕ್ಟೀರಿಯಾ 37 ಡಿಗ್ರಿಯಲ್ಲಿ ಬೆಳೆಯುತ್ತದೆ. ಸಾರು ಸಾಕಷ್ಟು ಮಬ್ಬಾದ ಮೇಲೆ ಐಪಿಟಿಜಿ ಎಂಬ ರಾಸಾಯನಿಕ ಹಾಕಿ, ಬಿಸಿ ಇಳಿಸಿ, ರಾತ್ರಿಯಿಡೀ ಶೇಕರ್‌ನಲ್ಲಿ ಬಿಡುತ್ತೇವೆ. ಆಗ ಅದು ನಮಗೆ ಬೇಕಾದ ಪ್ರೋಟೀನ್ ತಯಾರಿಸುತ್ತದೆ. ಬೆಳಗ್ಗೆ ಬ್ಯಾಕ್ಟೀರಿಯಾವನ್ನು ಐಸ್ ಮೇಲಿಟ್ಟು ಶಬ್ದತರಂಗದಿಂದ ಒಡೆದು, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ನಿಕಲ್ ಕಾಲಮ್‌ಗೆ, ಅಂದರೆ ನಿಕಲ್ ಇರುವ ಕಣಗಳನ್ನು ತುಂಬಿದ ಕೊಳವೆಗೆ, ಬಿಡುತ್ತೇವೆ. ನಮ್ಮ ಪ್ರೋಟೀನ್‌ನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಆರು ಸಲ ಬರುವ ಟ್ಯಾಗ್ ಸೇರಿಸಿರುವುದರಿಂದ ಅದು ನಿಕಲ್‌ಗೆ ಅಂಟಿಕೊಳ್ಳುತ್ತದೆ. ಉಳಿದದ್ದನ್ನು ತೊಳೆದು ಹಾಕಿ, ಇಮಿಡಜೋಲ್ ಎಂಬ ರಾಸಾಯನಿಕ ಹಾಯಿಸಿದರೆ ಅದು ಬಿಟ್ಟು ಬರುತ್ತದೆ.

ಬಂದದ್ದು ಸರಿಯಾಗಿದೆಯೇ ಎಂದು, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ನೋಡಬೇಕು. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಹಂತ ಇದು. ಕೂಮಾಸಿ ಎಂಬ ನೀಲಿ ಬಣ್ಣದಲ್ಲಿ ಅದ್ದಿದ ಜೆಲ್ ಮೊದಲು ಪೂರ್ತಿ ನೀಲಿಯಾಗಿರುತ್ತದೆ. ಬಣ್ಣ ಬಿಡಿಸುತ್ತಾ ಹೋದಂತೆ ಬ್ಯಾಂಡ್ ಎಂದು ಕರೆಯುವ ಗೆರೆಗಳು ಒಂದೊಂದಾಗಿ ಕಾಣಿಸುತ್ತವೆ. ಕಾಲಮ್‌ಗೆ ಹಾಕುವ ಮುಂಚಿನ ಸ್ಯಾಂಪಲ್‌ನಲ್ಲಿ ಮೇಲಿಂದ ಕೆಳಗಿನವರೆಗೂ ಬ್ಯಾಂಡ್‌ಗಳ ಸಂತೆ. ಕೊನೆಯದರಲ್ಲಿ ಒಂದೇ ಒಂದು ದಪ್ಪ ಬ್ಯಾಂಡ್ ಇರಬೇಕು. ಅದರ ಕೆಳಗೆ ಮಸುಕಾಗಿ ಇನ್ನೊಂದು ಗೆರೆ ಕಂಡರೆ ಪ್ರೋಟೀನ್ ಎಲ್ಲೋ ತುಂಡಾಗಿರಬಹುದು. ಆ ಬ್ಯಾಚ್ ಕಳಿಸುವಂತಿಲ್ಲ.

ಪಾಸಾದದ್ದನ್ನು ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ, ದ್ರವ ಸಾರಜನಕದಲ್ಲಿ ಥಟ್ಟನೆ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇಡುತ್ತೇವೆ. ಒಂದು ಟ್ಯೂಬ್‌ನಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಲೇಬಲ್ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ. ಅದು ಸುಮ್ನೆ ಕಾನೂನಿಗೆ ಬರೆದ ಸಾಲಲ್ಲ.

ಬ್ಯಾಕ್ಟೀರಿಯಾದಿಂದಲೇ ಇನ್ಸುಲಿನ್ ಮಾಡುವುದಿಲ್ಲವೇ, ಅದನ್ನು ಜನ ಚುಚ್ಚಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ನನ್ನ ಗೆಳತಿಯೂ ಇದನ್ನೇ ಕೇಳಿದಳು, ಸರಿಯಾದ ಪ್ರಶ್ನೆಯೇ. ಹೌದು, ಹಾಗೆ ತಯಾರಿಸಿದ ಮನುಷ್ಯರ ಇನ್ಸುಲಿನ್‌ಗೆ 1982ರಲ್ಲೇ ಅನುಮತಿ ಸಿಕ್ಕಿತು. ಆದರೆ ಇನ್ಸುಲಿನ್ ರಕ್ತದಲ್ಲಿ ಓಡಾಡಿ ಕೋಶದ ಹೊರಮೈಯನ್ನು ಮುಟ್ಟಿ ಕೆಲಸ ಮಾಡುವ ಹಾರ್ಮೋನು. ನಾವು ತಯಾರಿಸುವ ಸಿನಾಪ್ಟೋಬ್ರೆವಿನ್ ಕೆಲಸ ಮಾಡುವುದು ನರಕೋಶದ ಒಳಗೆ, ಅದೂ ಚೀಲದ ಪೊರೆಗೆ ಬಾಲ ನೆಟ್ಟುಕೊಂಡು. ರಕ್ತಕ್ಕೆ ಚುಚ್ಚಿದರೆ ಅದು ಮೆದುಳಿಗೆ ಹೋಗುವುದಿಲ್ಲ. ರಕ್ತ ಮತ್ತು ಮೆದುಳಿನ ನಡುವಿನ ತಡೆ ಅದನ್ನು ಬಿಡುವುದಿಲ್ಲ. ಹೇಗೋ ಹೋಯಿತು ಎಂದುಕೊಂಡರೂ ನರಕೋಶದೊಳಗೆ ನುಗ್ಗಿ ಸರಿಯಾದ ಚೀಲದ ಮೇಲೆ ಕೂರಲು ಅದಕ್ಕೆ ದಾರಿಯೇ ಇಲ್ಲ. ಇನ್ನು ಲ್ಯಾಬ್‌ಗೆಂದು ಮಾಡಿದ ಟ್ಯೂಬ್‌ನಲ್ಲಿ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷ ಉಳಿದಿರಬಹುದು. ಅದು ಮೈಗೆ ಹೋದರೆ ಜ್ವರ ಬರುತ್ತದೆ, ಜಾಸ್ತಿ ಹೋದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಸಿನಾಪ್ಸ್‌ನ ಚೀಲಗಳಿಗೆ ಅಂಟಿಕೊಳ್ಳುವ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನನ್ನೂ ಲ್ಯಾಬ್‌ಗಳಲ್ಲಿ ಇದೇ ರೀತಿ ತಯಾರಿಸುತ್ತಾರೆ. ಅದು 140 ಅಮೈನೋ ಆಮ್ಲಗಳ ಪ್ರೋಟೀನ್. ಪಾರ್ಕಿನ್ಸನ್ ಕಾಯಿಲೆಯಲ್ಲಿ ನರಕೋಶದೊಳಗೆ ಕಾಣುವ ಲೂಯಿ ಬಾಡಿ ಎಂಬ ಗಂಟುಗಳಲ್ಲಿ ತುಂಬಿರುವುದು ಇದೇ ಎಂದು 1997ರಲ್ಲಿ ಗೊತ್ತಾಯಿತು. ಶುದ್ಧ ಆಲ್ಫಾ-ಸಿನ್ಯೂಕ್ಲಿನನ್ನು ಅಲುಗಾಡಿಸುತ್ತಾ ಬಿಸಿಯಲ್ಲಿಟ್ಟರೆ ಎಳೆಗಳಾಗಿ ಕೂಡಿಕೊಳ್ಳುತ್ತದೆ. 2012ರಲ್ಲಿ ಸಂಶೋಧಕರು ಅಂಥ ಎಳೆಗಳನ್ನು ಆರೋಗ್ಯವಂತ ಇಲಿಗಳ ಮೆದುಳಿಗೆ ಚುಚ್ಚಿದರು. ಆ ಇಲಿಗಳ ಸ್ವಂತ ಪ್ರೋಟೀನ್ ಕೂಡ ಗಂಟು ಕಟ್ಟತೊಡಗಿತು, ಒಂದು ಭಾಗದಿಂದ ಇನ್ನೊಂದಕ್ಕೆ ಹರಡಿತು, ಡೋಪಮಿನ್ ಮಾಡುವ ಕೋಶಗಳು ಸತ್ತವು. ಮೆದುಳಿನ ಪ್ರೋಟೀನ್ ಎಂದ ಮಾತ್ರಕ್ಕೆ ಮೆದುಳಿಗೆ ಒಳ್ಳೆಯದು ಎಂದಲ್ಲ. ಇದನ್ನು ಹೇಳದೆ ‘ಭರವಸೆ’ ಎಂದು ಬರೆದರೆ ಓದುವವರಿಗೆ ಅನ್ಯಾಯವಾಗುತ್ತದೆ.

ಹಾಗಾದರೆ ಇದರ ಉಪಯೋಗ ಏನು? ಈ ಭಾಗ ವರದಿಯಲ್ಲಿ ಬಿಟ್ಟುಹೋಗಿದ್ದು ನನಗೆ ನಿಜವಾಗಿಯೂ ಬೇಸರ ತಂದಿತು. ಏಕೆಂದರೆ ಹೇಳಲು ತುಂಬ ಇದೆ.

ಧನುರ್ವಾಯು ಎಲ್ಲರಿಗೂ ಗೊತ್ತು. ದವಡೆ ಬಿಗಿದುಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅದಕ್ಕೆ ಕಾರಣವಾದ ವಿಷ ನರಕೋಶದಲ್ಲಿ ಏನು ಮಾಡುತ್ತದೆ ಎಂಬುದು 1992ರವರೆಗೆ ಸ್ಪಷ್ಟವಾಗಿರಲಿಲ್ಲ. ಆ ವರ್ಷ ಗೊತ್ತಾದದ್ದು ಇದು: ಆ ವಿಷ ಒಂದು ಕತ್ತರಿ, ಕತ್ತರಿಸುವುದು ಸಿನಾಪ್ಟೋಬ್ರೆವಿನನ್ನು. ಮನುಷ್ಯರ ಸಿನಾಪ್ಟೋಬ್ರೆವಿನ್-2ರಲ್ಲಿ 116 ಅಮೈನೋ ಆಮ್ಲಗಳಿವೆ. ವಿಷ ಕತ್ತರಿಸುವುದು 76 ಮತ್ತು 77ರ ನಡುವೆ, ಅಲ್ಲಿ ಮಾತ್ರ. ಕೆಟ್ಟ ಆಹಾರದಿಂದ ಬರುವ ಬಾಟ್ಯುಲಿಸಂನ ಬಿ ಮಾದರಿಯ ವಿಷವೂ ಅದೇ ಜಾಗದಲ್ಲಿ ಕತ್ತರಿಸುತ್ತದೆ. ಆದರೂ ಒಂದರಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಇನ್ನೊಂದರಲ್ಲಿ ಸೋತು ಜೋಲುತ್ತದೆ. ಧನುರ್ವಾಯುವಿನ ವಿಷ ಬೆನ್ನುಹುರಿಗೆ ಹೋಗಿ ಸ್ನಾಯುವನ್ನು ಹಿಡಿತದಲ್ಲಿಡುವ ನರಗಳ ಬಾಯಿ ಮುಚ್ಚಿಸುತ್ತದೆ. ಬಾಟ್ಯುಲಿಸಂನ ವಿಷ ಸ್ನಾಯುವಿಗೆ ಆಜ್ಞೆ ಕೊಡುವ ನರದ ತುದಿಯಲ್ಲೇ ಕೂರುತ್ತದೆ. ಎರಡೂ ಕಡೆ ತುಂಡಾಗುವುದು ಒಂದೇ ಪ್ರೋಟೀನ್.

ನಾವು ತಯಾರಿಸುವ ಸಿನಾಪ್ಟೋಬ್ರೆವಿನ್ ಬೇಕಾಗುವುದು ಇಂಥ ಕಡೆ. ಅದನ್ನು ಟ್ಯೂಬ್‌ನಲ್ಲಿ ಹಾಕಿ, ವಿಷದ ಕತ್ತರಿ ಭಾಗವನ್ನಷ್ಟೇ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟರೆ, ಜೆಲ್‌ನಲ್ಲಿ ಒಂದು ಬ್ಯಾಂಡ್ ಹೋಗಿ ಎರಡು ಚಿಕ್ಕ ಬ್ಯಾಂಡ್‌ಗಳು ಬರುತ್ತವೆ. ಎಷ್ಟು ಬೇಗ ತುಂಡಾಯಿತು ಎಂದು ಅಳೆಯಬಹುದು. ಕತ್ತರಿಯನ್ನು ತಡೆಯುವ ರಾಸಾಯನಿಕ ಹುಡುಕುವವರು ಹೀಗೇ ಒಂದೊಂದನ್ನೂ ಪರೀಕ್ಷೆ ಮಾಡುತ್ತಾರೆ. ಬಾಟ್ಯುಲಿಸಂನ ವಿಷವನ್ನೇ ತೀರಾ ಕಡಿಮೆ ಪ್ರಮಾಣದಲ್ಲಿ ಬಳಸುವ ಬಾಟ್ಯುಲಿನಮ್ ಔಷಧಿಗಳ ಬಲ ಅಳೆಯಲು ಬಹಳ ಕಾಲ ಇಲಿಗಳಿಗೆ ಚುಚ್ಚಿ ಎಷ್ಟು ಸತ್ತವು ಎಂದು ಎಣಿಸುತ್ತಿದ್ದರು. ಉಸಿರಾಟದ ಸ್ನಾಯು ನಿಂತು ಸಾಯುವ ಸಾವು ಅದು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಲಿಗಳ ಬದಲು ಡಿಶ್‌ನಲ್ಲಿ ಬೆಳೆಸಿದ ಕೋಶಗಳ ಮೇಲೆ ನಡೆಸುವ ಒಂದು ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ವಿಷ ಯಾವ ಪ್ರೋಟೀನನ್ನು ಎಲ್ಲಿ ತುಂಡು ಮಾಡುತ್ತದೆ ಎಂದು ಗೊತ್ತಿದ್ದರಿಂದಲೇ ಅದು ಸಾಧ್ಯವಾಯಿತು. ಟ್ಯೂಬ್‌ನಲ್ಲಿರುವ ಶುದ್ಧ ಪ್ರೋಟೀನ್ ನನ್ನ ಮಟ್ಟಿಗೆ ಇದಕ್ಕೇ ದೊಡ್ಡದು.

ಇಲಿಯ ಪ್ರೋಟೀನ್ ಸಾಲದೇ, ಮನುಷ್ಯರದ್ದೇ ಏಕೆ ಎಂದು ಕೇಳುವವರಿದ್ದಾರೆ. ಕೆಲವು ಪ್ರೋಟೀನ್‌ಗಳಿಗೆ ಸಾಕು, ಎರಡರ ಸಾಲುಗಳೂ ಹೆಚ್ಚುಕಡಿಮೆ ಒಂದೇ. ಕೆಲವಕ್ಕೆ ಸಾಲದು. ಬಾಟ್ಯುಲಿನಮ್ ಬಿ ವಿಷ ನರಕೋಶವನ್ನು ಹಿಡಿದುಕೊಳ್ಳುವುದು ಸಿನಾಪ್ಟೋಟ್ಯಾಗ್ಮಿನ್-2ರ ಮೂಲಕ. ಇಲಿಯ ಸಾಲಿನಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಇರುವ ಒಂದು ಜಾಗದಲ್ಲಿ ಮನುಷ್ಯರಲ್ಲಿ ಲ್ಯೂಸಿನ್ ಇದೆ. ಚಿಕ್ಕ ವ್ಯತ್ಯಾಸವೇ. ಅದರಿಂದ ವಿಷದ ಹಿಡಿತ ಮನುಷ್ಯರಲ್ಲಿ ತುಂಬ ಸಡಿಲ. ಚಿಕಿತ್ಸೆಯಲ್ಲಿ ಈ ವಿಷದ ಬಿ ಮಾದರಿಯನ್ನು ಎ ಎಂಬ ಇನ್ನೊಂದು ಮಾದರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕಾಗುವುದಕ್ಕೆ ಇದೂ ಒಂದು ಕಾರಣ. ಇಲಿಯ ಮೇಲೆ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಆಲ್ಫಾ-ಸಿನ್ಯೂಕ್ಲಿನ್‌ನಲ್ಲಿ ಇನ್ನೂ ವಿಚಿತ್ರ. 53ನೇ ಜಾಗದ ಅಲನಿನ್ ಬದಲು ಥ್ರಿಯೋನಿನ್ ಬಂದರೆ ಮನುಷ್ಯರಿಗೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರಬಹುದು. ಇಲಿಗಳಲ್ಲಿ ಅಲ್ಲಿ ಹುಟ್ಟಾ ಥ್ರಿಯೋನಿನ್ನೇ ಇದೆ, ಅವು ಆರಾಮಾಗಿವೆ!

ಮರೆವಿನ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ಆಲ್ಝೈಮರ್ಸ್‌ನಲ್ಲಿ ಸಿನಾಪ್ಸ್‌ಗಳು ಕಡಿಮೆಯಾಗುತ್ತವೆ. ತೀರಿಕೊಂಡವರ ಮೆದುಳಿನ ಅಂಗಾಂಶದಲ್ಲಿ ಸಿನಾಪ್ಟೋಫೈಸಿನ್ ಎಷ್ಟು ಉಳಿದಿದೆ ಎಂದು ನೋಡಿ ಅದನ್ನು ಅಂದಾಜು ಮಾಡುತ್ತಾರೆ. ಅಳೆಯಲು ಬಳಸುವ ಆಂಟಿಬಾಡಿ (ಒಂದು ಪ್ರೋಟೀನನ್ನೇ ಗುರುತಿಸಿ ಹಿಡಿಯುವ ವಸ್ತು) ನಿಜಕ್ಕೂ ಅದನ್ನೇ ಹಿಡಿಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಗೊತ್ತಿರುವ ಶುದ್ಧ ಪ್ರೋಟೀನ್ ಪಕ್ಕದಲ್ಲಿ ಬೇಕು. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಾಮ್ ಮಾತ್ರೆ ಎಷ್ಟೋ ಮನೆಗಳಲ್ಲಿ ಇದೆ. ಅದು ಮೆದುಳಿನಲ್ಲಿ ಹೋಗಿ ಕೂರುವುದು ಎಸ್‌ವಿ2ಎ ಎಂಬ ವೆಸಿಕಲ್ ಪ್ರೋಟೀನ್ ಮೇಲೆ ಎಂದು ಗೊತ್ತಾದದ್ದು 2004ರಲ್ಲಿ, ಮಾತ್ರೆ ಬಳಕೆಗೆ ಬಂದ ಮೇಲೆ. 2016ರಲ್ಲಿ ಅದೇ ಪ್ರೋಟೀನಿಗೆ ಅಂಟುವ ವಸ್ತುವನ್ನು ಬಳಸಿ, ಬದುಕಿರುವ ಮನುಷ್ಯರ ಮೆದುಳಿನಲ್ಲಿ ಸಿನಾಪ್ಸ್‌ಗಳ ಸಾಂದ್ರತೆಯನ್ನು ಪೆಟ್ ಸ್ಕ್ಯಾನ್‌ನಲ್ಲಿ ತೋರಿಸಿದರು. ಅಂದರೆ ಆಸೆ ಇಟ್ಟುಕೊಳ್ಳಲು ಜಾಗ ಇದೆ. ಅದು ಟ್ಯೂಬ್‌ನಲ್ಲಿರುವ ಪ್ರೋಟೀನಿನಲ್ಲಿ ಇಲ್ಲ, ಆ ಪ್ರೋಟೀನ್ ಇಟ್ಟುಕೊಂಡು ನಿಧಾನವಾಗಿ ಕಂಡುಕೊಳ್ಳುವ ವಿಷಯಗಳಲ್ಲಿದೆ.

ವರದಿಯಲ್ಲಿ ‘ಮೆದುಳಿನಲ್ಲಿರುವಂಥದ್ದೇ’ ಎಂಬ ಮಾತೂ ಇತ್ತು. ಅದೂ ಪೂರ್ತಿ ಸರಿಯಲ್ಲ. ಸಿನಾಪ್ಟೋಫೈಸಿನ್ ಪೊರೆಯನ್ನು ನಾಲ್ಕು ಸಲ ದಾಟುತ್ತದೆ. ಪೊರೆಯ ಹೊರಗೆ ತೆಗೆದರೆ ಮುದ್ದೆಯಾಗುತ್ತದೆ, ಅದಕ್ಕೆ ಡಿಟರ್ಜೆಂಟ್ ಬೇಕು. ಮೆದುಳಿನಲ್ಲಿ ಅದಕ್ಕೆ ಸಕ್ಕರೆಯ ಸರಪಳಿ ಜೋಡಿಸಿರುತ್ತದೆ, ಸಾಮಾನ್ಯ ಇ. ಕೋಲೈಗೆ ಆ ಕೆಲಸ ಬರುವುದಿಲ್ಲ. ಸಕ್ಕರೆ ಬೇಕಿದ್ದರೆ ಮನುಷ್ಯರ ಅಥವಾ ಬೇರೆ ಸಸ್ತನಿಗಳ ಕೋಶಗಳಲ್ಲಿ ತಯಾರಿಸಬೇಕು. ಸಿನಾಪ್ಟೋಬ್ರೆವಿನ್‌ನಲ್ಲೂ ಪೊರೆಯೊಳಗಿನ ಬಾಲ ಬಿಟ್ಟು 1ರಿಂದ 94ರವರೆಗಿನ ತುಂಡನ್ನು ಮಾತ್ರ ಮಾಡುವುದು ಸಾಮಾನ್ಯ. ಕತ್ತರಿ ಪರೀಕ್ಷೆಗೆ ಅದು ಸಾಕು. ಪೊರೆಗಳು ಬೆಸೆಯುವುದನ್ನು ನೋಡಬೇಕಾದರೆ ಬಾಲ ಇರಲೇಬೇಕು. 1998ರಲ್ಲಿ ರಾಥ್‌ಮನ್ ಅವರ ಲ್ಯಾಬ್‌ನವರು ಕೃತಕ ಕೊಬ್ಬಿನ ಗುಳ್ಳೆಗಳಲ್ಲಿ ಈ ಪ್ರೋಟೀನ್‌ಗಳನ್ನು ನೆಟ್ಟು ಗುಳ್ಳೆಗಳು ಬೆಸೆದುಕೊಳ್ಳುವುದನ್ನು ತೋರಿಸಿದರು. ಬಾಲವಿಲ್ಲದ ತುಂಡಿನಿಂದ ಅದು ಆಗುವುದಿಲ್ಲ. ಈ ಸಣ್ಣ ಸಣ್ಣ ವ್ಯತ್ಯಾಸ ನೋಡದೆ ತರಿಸಿಕೊಂಡರೆ ವಿದ್ಯಾರ್ಥಿಗಳ ತಿಂಗಳುಗಟ್ಟಲೆ ಕೆಲಸ ಹಾಳಾಗುತ್ತದೆ. ಯುವ ಸಂಶೋಧಕರು ಇದನ್ನು ಓದುತ್ತಿದ್ದರೆ ಒಂದು ಮಾತು: ಹೆಸರು ನೋಡಿ ಆರ್ಡರ್ ಮಾಡಬೇಡಿ. ಯಾವ ಅಮೈನೋ ಆಮ್ಲದಿಂದ ಯಾವುದರವರೆಗೆ, ಟ್ಯಾಗ್ ಯಾವ ತುದಿಯಲ್ಲಿ, ಯಾವ ಕೋಶದಲ್ಲಿ ಮಾಡಿದ್ದು, ಎಂಡೋಟಾಕ್ಸಿನ್ ಎಷ್ಟು, ಎಲ್ಲ ಕೇಳಿ. ಜೆಲ್‌ನ ಫೋಟೋ ಕೇಳಿ ತರಿಸಿಕೊಳ್ಳಿ. ಕರಗಿಸಿದ ಟ್ಯೂಬನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಬೇಡಿ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದೆ ಇಂಥ ಸುದ್ದಿ ಬಂದಾಗ ಪ್ರೋಟೀನಿನ ಹೆಸರು ಬರೆಯಿರಿ. ಕೆಲಸ ನಡೆದದ್ದು ಟ್ಯೂಬ್‌ನಲ್ಲೋ, ಡಿಶ್‌ನ ಕೋಶಗಳಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು ಮೊದಲ ಪ್ಯಾರಾದಲ್ಲೇ ಹೇಳಿ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ಮೊದಲ ಪ್ಯಾರಾ ಮತ್ತು ಕೊನೆಯ ಸಾಲು ಓದುತ್ತಾರೆ, ನಡುವಿನದ್ದಕ್ಕೆ ಅವರಿಗೆ ಪುರುಸೊತ್ತು ಇರುವುದಿಲ್ಲ. ಈ ವರದಿಗೂ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಹೀಗೆ ಬರೆದರೆ ಸಾಕು: ‘ವರದಿಯಲ್ಲಿ ಹೇಳಿದ ಪ್ರೋಟೀನ್ ಪ್ರಯೋಗಾಲಯದ ಬಳಕೆಗೆ ಮಾತ್ರ. ಅದು ಔಷಧಿಯಲ್ಲ. ಯಾರೂ ಅದನ್ನು ತರಿಸಿಕೊಂಡು ರೋಗಿಗಳಿಗೆ ಕೊಡಬಾರದು. ಮರೆವಿನ ತೊಂದರೆ ಇರುವವರು ನರರೋಗ ತಜ್ಞರನ್ನು ಕಾಣಬೇಕು.’

ಇತಿ,
ಪ್ರೋಟೀನ್ ಲ್ಯಾಬ್‌ನಲ್ಲಿ ಕೆಲಸ ಮಾಡುವ ನಿಮ್ಮ ಓದುಗಿ